ಹಂಚಿನ ಬೆನ್ನ ಮ್ಯಾಲೆ ತಾರೀಖು ಬರೆದಿರಲ್ಲ: ಹಳೇ ಕಬ್ಬಿಣದ ವಯಸ್ಸು ಕಂಡುಹಿಡಿಯೋದು ಹೆಂಗ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಯಾದಗಿರಿ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರಿಗೂ, ಮೊಬೈಲ್ ಪಕ್ಕಕ್ಕಿಟ್ಟು ರೊಟ್ಟಿ ಬಡಿಯೋರಿಗೂ ನಮಸ್ಕಾರ.

ಇವತ್ತು ಶುರು ಮಾಡೋದೇ ಒಂದು ತಪ್ಪೊಪ್ಪಿಗೆಯಿಂದ. ಹೋದ ತಿಂಗಳು ಶಹಾಪುರದ ನಮ್ಮ ಮನೆಯ ಅಡುಗೆಮನೆ ಬಗ್ಗೆ ಮಾತಾಡಿದ್ದೆ, ನೆನಪಿರಬಹುದು. ಅದರಲ್ಲಿ ನಮ್ಮ ದಪ್ಪ ಕಬ್ಬಿಣದ ಹಂಚು ತೋರಿಸಿ, "ಇದು ನಿಜಾಮರ ಕಾಲದ್ದು, ನೂರು ವರ್ಷ ಆಗಿರಬೇಕು" ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಯಾರು ಹೇಳಿದ್ರು ನನಗೆ? ಯಾರೂ ಹೇಳಿಲ್ಲ. ಕಪ್ಪಗಿತ್ತು, ಭಾರ ಇತ್ತು, ನಾನು ಹುಟ್ಟಿದಾಗಿಂದ ಒಲೆ ಹತ್ತಿರನೇ ಇತ್ತು. ಅಷ್ಟಕ್ಕೇ ನೂರು ವರ್ಷ ಹಾಕಿಬಿಟ್ಟೆ.

ಆಮೇಲೆ ಎರಡು ಸಂಗತಿ ಆದವು. ಬೆಂಗಳೂರಿನಲ್ಲಿ ಹಳೇ ಸಾಮಾನು ಕೊಳ್ಳೋ ಒಬ್ಬರು ಮೆಸೇಜ್ ಹಾಕಿದ್ರು, "ನೂರು ವರ್ಷದ್ದಾದ್ರೆ 6,000 ರೂಪಾಯಿ ಕೊಡ್ತೀನಿ" ಅಂತ. ಅದೇ ವಾರ ಸುರಪುರದಿಂದ ಒಬ್ಬ ಅಕ್ಕ ವಾಯ್ಸ್ ನೋಟ್ ಕಳಿಸಿದ್ರು. ಅವರ ಮಾತಿನಲ್ಲೇ ಕೇಳ್ರಿ: "ತಮ್ಮಾ, ನೂರು ವರ್ಷ ಅಂದ್ಯಲ್ಲ, ಹೆಂಗ ಗೊತ್ತಾತು? ನಮ್ಮ ಮನ್ಯಾಗೂ ನಮ್ಮತ್ತಿದು ಒಂದು ಕಬ್ಬಿಣದ ಬಾಣಲಿ ಅದ. ಅದು ಸುರಪುರ ಅರಮನಿದು, ಲಕ್ಷ ಬೆಲಿ ಬಾಳ್ತದ ಅಂತ ನಮ್ಮ ಮೈದುನ ಪಟ್ಟು ಹಿಡದಾನ. ಮನಿ ಪಾಲು ಆಗೋ ಹೊತ್ತು, ಒಂದು ಬಾಣಲಿ ಸಲುವಾಗಿ ಅಣ್ಣತಮ್ಮರು ಮಾತು ಬಿಟ್ಟಾರ."

ಈ ವಾಯ್ಸ್ ನೋಟ್ ಕೇಳಿ ನನಗೆ ನಾಚಿಕೆ ಆಯ್ತು. ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಕ್ಲಾಸಿನಲ್ಲಿ ಮೊದಲು ಹೇಳಿಕೊಡೋದೇ ವೋಚರ್ ಇಲ್ಲದ ಎಂಟ್ರಿ ಒಪ್ಪಬೇಡ ಅಂತ. ನಾನೇ ವೋಚರ್ ಇಲ್ಲದೆ ನೂರು ವರ್ಷದ ಎಂಟ್ರಿ ಹಾಕಿದ್ದೆ. ಹಂಗಾಗಿ ಈ ಸಂಚಿಕೆ. ಹೆಸರಿಲ್ಲದ, ಸೀಲ್ ಇಲ್ಲದ, ಕಂಪನಿ ಗುರುತಿಲ್ಲದ ಕಬ್ಬಿಣದ ಪಾತ್ರೆಯ ವಯಸ್ಸು ಎಷ್ಟರ ಮಟ್ಟಿಗೆ ಹೇಳಬಹುದು?

ಅಮೆರಿಕದ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ಮನೆಗಳ ಹಿತ್ತಾಳೆ ಕೊಡ ನೋಡ್ರಿ. ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತೆ, ಯಾರ ಮದುವೆಗೆ ಯಾರು ಕೊಟ್ಟಿದ್ದು ಅಂತ ಇರುತ್ತೆ, ಎಷ್ಟೋ ಸಲ ಇಸವಿನೂ ಇರುತ್ತೆ. ಕಬ್ಬಿಣಕ್ಕೆ ಆ ಮರ್ಯಾದೆ ಸಿಕ್ಕಿಲ್ಲ. ಹಂಚನ್ನು ಯಾರೂ ಆಯಾರು ಮಾಡಲ್ಲ, ಅದರ ಮೇಲೆ ಯಾರೂ ಹೆಸರು ಹಾಕಿಸಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಸಿಗೋದು ಬಹುತೇಕ ಅಮೆರಿಕದ ಮಾಹಿತಿ. ಅಲ್ಲಿ ಎರಕದ ಕಬ್ಬಿಣದ ಪಾತ್ರೆ ಸಂಗ್ರಹಿಸೋದು ದೊಡ್ಡ ಹುಚ್ಚು. ಎರಿ ಊರಿನ ಗ್ರಿಸ್ವೋಲ್ಡ್ ಕಂಪನಿ 1865ರಿಂದ 1957ರವರೆಗೆ ನಡೀತು. ಒಹಾಯೋದ ವ್ಯಾಗ್ನರ್ 1891ರಲ್ಲಿ ಶುರುವಾಯ್ತು. ಲಾಡ್ಜ್ 1896ರಿಂದ ಇವತ್ತಿಗೂ ನಡೀತಿದೆ. ದೊಡ್ಡ ಕಂಪನಿಗಳು ಕೈಬೆರಳೆಣಿಕೆ, ಅವುಗಳ ಹಳೇ ಕ್ಯಾಟಲಾಗ್ ಸಿಗುತ್ತವೆ. ಹಂಗಾಗಿ ಹೆಸರಿಲ್ಲದ ಪಾತ್ರೆಯನ್ನೂ ಹಿಡಿಕೆಯ ಆಕಾರ, ತಳದ ಸುತ್ತ ಇರೋ ಉಬ್ಬು ಬಳೆ, ಅಂಕಿಯ ಅಕ್ಷರ ಶೈಲಿ ನೋಡಿ ಇಂಥ ಕಂಪನಿದು ಅಂತ ಹೇಳ್ತಾರೆ. ತಳದಲ್ಲಿ ಕರಗಿದ ಕಬ್ಬಿಣ ಸುರಿದ ಬಾಯಿಯ ಉದ್ದನೆ ಗಾಯದ ಗುರುತು ಇದ್ರೆ, ಸುಮಾರು 1890ಕ್ಕಿಂತ ಹಿಂದಿನದು ಅಂತ ಅಲ್ಲಿನವರ ಲೆಕ್ಕ.

ಈ ಲೆಕ್ಕ ತಂದು ಶಹಾಪುರದ ಹಂಚಿಗೆ ಹಚ್ಚಿದ್ರೆ ಮೋಸ ಹೋಗ್ತೀವಿ. ಅಲ್ಲಿ ಕಾರ್ಖಾನೆಗಳು ಒಂದು ಪದ್ಧತಿ ಬಿಟ್ಟು ಇನ್ನೊಂದಕ್ಕೆ ಹೋದವು, ಅದಕ್ಕೇ ಗುರುತಿನಿಂದ ಕಾಲ ಗೊತ್ತಾಗುತ್ತೆ. ನಮ್ಮ ದೇಶದಲ್ಲಿ ಕೈಯಿಂದ ಮರಳಿನ ಅಚ್ಚು ಕಟ್ಟಿ ಎರಕ ಹೊಯ್ಯೋ ಸಣ್ಣ ಫೌಂಡ್ರಿಗಳು ಇವತ್ತಿಗೂ ಇವೆ. ಹೋದ ವರ್ಷ ಮಾಡಿದ ತವಾದ ಮೇಲೂ ಅದೇ ಒರಟು ಮರಳಿನ ಚರ್ಮ, ಅದೇ ಗಾಯದ ಗುರುತು ಇರಬಹುದು. ಕೈಕೆಲಸ ಕಂಡ್ರೆ ಹಳೇದು ಅನ್ನೋ ಹಂಗಿಲ್ಲ.

ಅಂಕಿ ವಿಷಯನೂ ಹೇಳಿಬಿಡ್ತೀನಿ. ಪಾತ್ರೆಯ ಬೆನ್ನಿಗೆ 8, 10, 12 ಅಂತ ಇದ್ರೆ ಅದು ಸೈಜು. ನಮ್ಮಲ್ಲಿ ಸಾಮಾನ್ಯವಾಗಿ ಇಂಚು. ಅಮೆರಿಕದ ಹಳೇ ಪಾತ್ರೆಯಲ್ಲಾದ್ರೆ ಅಲ್ಲಿನ ಒಲೆಯ ಬಾಯಿಯ ನಂಬರು. ವರ್ಷ ಅಂತೂ ಅಲ್ಲ.

ಬಡಿದದ್ದೋ, ಎರಕ ಹೊಯ್ದದ್ದೋ?

ಹಂಗಾದ್ರೆ ನಾವು ಎಲ್ಲಿಂದ ಶುರು ಮಾಡಬೇಕು? ಮೊದಲ ಪ್ರಶ್ನೆ ವರ್ಷದ್ದಲ್ಲ. ಇದನ್ನ ಸುತ್ತಿಗೆಯಿಂದ ಬಡಿದು ಮಾಡಿದ್ದಾ, ಕರಗಿಸಿ ಅಚ್ಚಿಗೆ ಸುರಿದು ಮಾಡಿದ್ದಾ? ಎರಕದ ಕಬ್ಬಿಣಕ್ಕೆ ಕನ್ನಡದಲ್ಲಿ ಬೀಡು ಅಂತಾರೆ, ಮರಾಠಿಯಲ್ಲೂ ಬೀಡ ಅಂತಾರೆ. ನಮ್ಮ ಆಯಿ "ಬೀಡಿನ ತವಾ" ಅನ್ನೋದು ಇದಕ್ಕೇ.

ಮೊಬೈಲ್ ಟಾರ್ಚ್ ತಗೊಳ್ರಿ. ಮೇಲಿಂದ ಅಲ್ಲ, ಪಕ್ಕದಿಂದ ಅಡ್ಡ ಬೆಳಕು ಬಿಡ್ರಿ. ಬಡಿದ ಹಂಚಿನ ಮೇಲೆ ಸುತ್ತಿಗೆಯ ಸಣ್ಣ ಸಣ್ಣ ತಗ್ಗು ಕಾಣ್ತವೆ, ದಪ್ಪ ಎಲ್ಲಾ ಕಡೆ ಒಂದೇ ಇರಲ್ಲ. ಎರಕದ್ದು ದಪ್ಪ, ಬೆನ್ನು ಮರಳಿನಂತೆ ಒರಟು. ಹಿಡಿಕೆ ಅದರ ಜೊತೆಗೇ ಅಚ್ಚಿನಲ್ಲಿ ಹುಟ್ಟಿರುತ್ತೆ, ಮೊಳೆ ಹೊಡೆದಿರಲ್ಲ. ಒಳಗಡೆ ಒಂದರೊಳಗೊಂದು ಸಣ್ಣ ಗೆರೆ ಸುತ್ತು ಕಂಡ್ರೆ ಲೇತ್ ಮಶೀನಿಗೆ ಹಾಕಿ ನುಣುಪು ಮಾಡಿದ್ದಾರೆ ಅಂತ ಅರ್ಥ.

ಹಗ್ಗಕ್ಕೆ ತೂಗುಹಾಕಿ ಬೆರಳಿನ ಗೆಣ್ಣಿನಿಂದ ಬಡೀರಿ. ಬಡಿದ ಕಬ್ಬಿಣ, ಉಕ್ಕಿನ ತಗಡು ಗಂಟೆ ಹಂಗ ಗುಂಯ್ ಅಂತಾವೆ. ಬೀಡು ಬೇಗ ಸುಮ್ಮನಾಗುತ್ತೆ. ಅದರೊಳಗಿನ ಇಂಗಾಲ ಗ್ರಾಫೈಟ್ ಪದರಾಗಿ ಕೂತು ಸದ್ದು ನುಂಗುತ್ತೆ. ಒಡಕು ಧ್ವನಿ ಬಂದ್ರೆ ಬಿರುಕು ಇದೆ. ಅಯಸ್ಕಾಂತದಿಂದ ಉಪಯೋಗ ಕಮ್ಮಿ, ಅದು ಬೀಡಿಗೂ ಅಂಟುತ್ತೆ, ತಗಡಿಗೂ ಅಂಟುತ್ತೆ.

ಮೂರನೇದೊಂದು ಇದೆ. ದಪ್ಪ ಎಲ್ಲಾ ಕಡೆ ಒಂದೇ ಸಮ ಇದ್ರೆ, ಅದು ಮಿಲ್ಲಿನಲ್ಲಿ ರೋಲ್ ಮಾಡಿದ ಶೀಟ್ ಕತ್ತರಿಸಿ ಮಾಡಿದ್ದು. ಡ್ರಮ್ಮಿನ ತಗಡಿನಿಂದ ಮಾಡಿದ ತವಾನೂ ಇದೇ ಜಾತಿ. ಇನ್ನು ಹಿಡಿಕೆಗೆ ವೆಲ್ಡಿಂಗ್ ಇದ್ರೆ ಗಡಿಬಿಡಿ ಬೇಡ. ಹಿಡಿಕೆ ಹೊಸದು, ಹಂಚು ಹಳೇದು ಇರಬಹುದು. ರಿಪೇರಿಯ ವಯಸ್ಸು ಬೇರೆ, ಪಾತ್ರೆಯ ವಯಸ್ಸು ಬೇರೆ.

ಈ ಪ್ರಶ್ನೆ ಯಾಕೆ ಮುಖ್ಯ ಅಂದ್ರೆ, ನಮ್ಮ ನೆಲದಲ್ಲಿ ಕಬ್ಬಿಣ ಬಹಳ ಹಳೇದು, ಎರಕದ ಅಡುಗೆ ಪಾತ್ರೆ ಈಚಿನದು. ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಕಲ್ಲುಗಳಿವೆ. ಅವು ಕಬ್ಬಿಣದ ಯುಗದ ಬೃಹತ್ ಶಿಲಾ ಸಂಸ್ಕೃತಿಯವು, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್, 1850ರ ಸುಮಾರಿಗೆ ಈ ಭಾಗದ ಇಂಥ ಸಮಾಧಿಗಳನ್ನು ಅಗೆಸಿ, ಒಳಗೆ ಕಬ್ಬಿಣದ ಆಯುಧ ಸಿಕ್ಕಿದ್ದನ್ನ ಬರೆದಿಟ್ಟಿದ್ದಾನೆ.

ಆದ್ರೆ ಅದೆಲ್ಲ ಬಡಿದ ಕಬ್ಬಿಣ. ಶುದ್ಧ ಕಬ್ಬಿಣ ನೀರಾಗಿ ಹರಿಯಬೇಕಂದ್ರೆ 1,500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಳ್ಳಿ ಕುಲುಮೆಯ ತಿದಿಯಿಂದ ಅದು ಆಗದ ಮಾತು. ಅಲ್ಲಿ ಸಿಗೋದು ಸ್ಪಂಜಿನಂಥ ಕೆಂಪಗೆ ಕಾದ ಮುದ್ದೆ, ಅದನ್ನೇ ಬಡಿದು ಬಡಿದು ಕಂಬಾರ ಹಂಚು ಮಾಡ್ತಿದ್ದ. ಇಂಗಾಲ ಶೇಕಡಾ 2ಕ್ಕಿಂತ ಹೆಚ್ಚು ಸೇರಿದ್ರೆ 1,150 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಅದೇ ಬೀಡು, ಆದ್ರೆ ಅದಕ್ಕೆ ದೊಡ್ಡ ಊದುಕುಲುಮೆ ಬೇಕು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಮಡಕೆ ಎರಕ ಹೊಯ್ಯೋದಕ್ಕೆ ಪೇಟೆಂಟ್ ತಗೊಂಡಿದ್ದು 1707ರಲ್ಲಿ. ಬಂಗಾಳದ ಕುಲ್ಟಿಯಲ್ಲಿ ಊದುಕುಲುಮೆ ಬಂದಿದ್ದು 1870ರ ದಶಕದಲ್ಲಿ. ಟಾಟಾದವರ ಮೊದಲ ಬೀಡು ಕಬ್ಬಿಣ ಹೊರಬಂದಿದ್ದು 1911ರ ಡಿಸೆಂಬರ್‌ನಲ್ಲಿ, ನಮ್ಮ ಭದ್ರಾವತಿ ಕಾರ್ಖಾನೆಯದ್ದು 1923ರಲ್ಲಿ. ಮುಂಬೈ ಕಡೆಯಿಂದ ಯಾದಗಿರಿ ಮೇಲೆ ಹಾಯ್ದು ರೈಲು ರಾಯಚೂರು ಮುಟ್ಟಿದ್ದು 1871ರಲ್ಲಿ.

ಈ ಇಸವಿಗಳನ್ನ ಸಾಲಾಗಿ ಇಟ್ಟು ನೋಡ್ರಿ. ಎರಕದ ಹಂಚು ಬರೋದಕ್ಕೆ ಫೌಂಡ್ರಿ ಬೇಕು, ಭಾರದ ಸಾಮಾನು ಹೊರೋದಕ್ಕೆ ರೈಲು ಬೇಕು. ಹಂಗಾಗಿ ನಮ್ಮ ಭಾಗದ ಮನೆಯಲ್ಲಿ ಒಂದು ಬೀಡಿನ ಹಂಚು ಇದ್ರೆ, ಬೇರೆ ಪುರಾವೆ ಸಿಗೋತನಕ, ಅದು ರೈಲು ಬಂದ ಮೇಲಿನದು ಅಂತ ಹಿಡ್ಕೊಳ್ಳೋದು ಒಳ್ಳೇದು. ಇದು ಕೆಳಗಿನ ಗಡಿ. ಮೇಲಿನ ಗಡಿ ಕಬ್ಬಿಣದಲ್ಲಿ ಸಿಗಲ್ಲ, ಮನೆಯ ಹಿರಿಯರ ಬಾಯಲ್ಲಿ ಸಿಗುತ್ತೆ.

ಎಷ್ಟು ವರ್ಷ ಅಂತ ಕೇಳಬೇಡ್ರಿ, ಯಾವ ರೊಕ್ಕ ಅಂತ ಕೇಳ್ರಿ

ಹಿರಿಯರ ಹತ್ರ "ಇದು ಎಷ್ಟು ಹಳೇದು?" ಅಂತ ಕೇಳಿದ್ರೆ ಸಿಗೋ ಉತ್ತರ ಒಂದೇ: "ಭಾಳ ಹಳೇದಪ್ಪಾ." ಅದರಿಂದ ಏನೂ ಆಗಲ್ಲ. ನಾನು ಆಯಿ ಹತ್ರ ಎರಡು ದಿನ ಹಿಂಗೇ ಕೇಳಿ ಸೋತೆ. ಮೂರನೇ ದಿನ ಪ್ರಶ್ನೆ ಬದಲಾಯಿಸಿದೆ. ಯಾವ ರೊಕ್ಕ ಕೊಟ್ಟಿದ್ರು? ಯಾವ ತೂಕದಲ್ಲಿ ತಂದ್ರು? ಆಗ ಊರಲ್ಲಿ ಏನು ನಡೆದಿತ್ತು?

ನಮ್ಮ ಭಾಗಕ್ಕೆ ಇದು ಚಲೋ ಕೆಲಸ ಮಾಡುತ್ತೆ, ಯಾಕಂದ್ರೆ ನಾವು ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವರು. ನಿಜಾಮರ ಸ್ವಂತ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಅಂತಿದ್ರು. ಹಾಲಿ ಸಿಕ್ಕಾ ಭಾರತದ ರೂಪಾಯಿ ಜೊತೆಗೇ ಓಡಾಡಿ 1959ಕ್ಕೆ ಪೂರ್ತಿ ನಿಂತುಹೋಯ್ತು. ಯಾರಾದ್ರೂ "ಹಾಲಿ ರೊಕ್ಕ ಕೊಟ್ಟು ತಂದಿದ್ದು" ಅಂದ್ರೆ, ಆ ಪಾತ್ರೆ 1959ಕ್ಕಿಂತ ಹಿಂದಿನದು.

ಆಣೆ, ಪೈಸೆ ಇನ್ನೊಂದು ಸುಳಿವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಲೆಕ್ಕ ಬಂತು. ಇಲ್ಲಿ ಹುಷಾರಾಗಿರಬೇಕು. ನಾಲ್ಕಾಣೆ, ಎಂಟಾಣೆ ಅನ್ನೋ ಮಾತು ಆಮೇಲೂ ಉಳೀತು, 25 ಪೈಸೆ, 50 ಪೈಸೆಗೆ ಹಂಗೇ ಕರೀತಿದ್ರು. ಅದು ವೋಚರ್ ಅಲ್ಲ. ಆದ್ರೆ ಮೂರಾಣೆ, ಐದಾಣೆ ಅಂದ್ರೆ ಕಿವಿ ನಿಮಿರಿಸಿ ಕೂಡ್ರಿ. ಹೊಸ ಪೈಸೆ ಲೆಕ್ಕದಲ್ಲಿ ಅವಕ್ಕೆ ಜಾಗ ಇಲ್ಲ.

ತೂಕ ಮೂರನೇದು. ಸೇರು, ಮಣ ಹೋಗಿ ಕಿಲೋ ಬರೋದಕ್ಕೆ 1958ರಲ್ಲಿ ಶುರುವಾಗಿ, 1962ರ ಹೊತ್ತಿಗೆ ಕಾನೂನಿನಲ್ಲಿ ಕಡ್ಡಾಯ ಆಯ್ತು. "ಕಿಲೋ ಲೆಕ್ಕದಾಗ ತಂದಿದ್ದು" ಅಂದ್ರೆ ಅದಕ್ಕಿಂತ ಈಚಿನದು. ಇನ್ನು ಕಂಬಾರನಿಗೆ ರೊಕ್ಕಾನೇ ಕೊಡದೆ ವರ್ಷಕ್ಕೊಮ್ಮೆ ಕಣದಲ್ಲಿ ಜೋಳ ಅಳೆದು ಆಯ ಕೊಡ್ತಿದ್ದ ಮನೆಗಳಲ್ಲಿ ಬೆಲೆ ಯಾರಿಗೂ ನೆನಪಿರಲ್ಲ. ಅಲ್ಲಿ ಕಂಬಾರ ಯಾರು ಅಂತ ಕೇಳ್ರಿ.

ಕೊನೇದು, ಊರು ಮರೆಯದ ಸಂಗತಿಗಳು. ರಜಾಕಾರರ ಗದ್ದಲ ಮತ್ತು 1948ರ ಸೆಪ್ಟೆಂಬರ್‌ನ ಪೊಲೀಸ್ ಆಕ್ಷನ್. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. 1972ರ ಬರ. ಇಂದಿರಾ ಗಾಂಧಿ ತೀರಿಹೋದ 1984. ಇವಕ್ಕಿಂತ ಮೊದಲೋ, ಆಮೇಲೋ ಅಂತ ಕೇಳಿದ್ರೆ ಅಜ್ಜಿಯಂದಿರು ತಡವರಿಸದೆ ಹೇಳ್ತಾರೆ. ಜನ್ಮದಿನ ಮಾತ್ರ ನಂಬಬೇಡ್ರಿ. ನಮ್ಮಪ್ಪನ ಶಾಲೆ ಸರ್ಟಿಫಿಕೇಟಿನಲ್ಲಿ ಜೂನ್ 1 ಅಂತ ಇದೆ, ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ.

ನಮ್ಮ ಮನೆಯ ಲೆಕ್ಕ

ಹಿಂಗ ಕೇಳಿದಾಗ ಆಯಿ ಹೇಳಿದ್ದು ಇಷ್ಟು: "ಆ ದಪ್ಪಂದಾ? ಅದು ಬರ ಬಿದ್ದ ವರ್ಷದ್ದು. ನಿಮ್ಮಪ್ಪ ತೊಟ್ಟಿಲದಾಗ ಇದ್ದ. ನಿಮ್ಮ ಮುತ್ಯಾ ಸೋಲಾಪುರಕ್ಕ ದುಡಿಯಾಕ ಹೋಗಿದ್ದ, ಬರೋವಾಗ ತಲಿ ಮ್ಯಾಲ ಹೊತ್ತು ತಂದ. ಕಿಲೋ ಲೆಕ್ಕದಾಗ ಕೊಟ್ರಂತ."

ಕಬ್ಬಿಣವೂ ಅದನ್ನೇ ಹೇಳ್ತು. ಎರಕ, ಒಳಗಡೆ ಲೇತಿನ ಗೆರೆ, ಬೆನ್ನಿಗೆ ಮರಳಿನ ಒರಟು. ಅಂದ್ರೆ ನಮ್ಮ ಹಂಚು 1972-73ರದ್ದು. ನಾನು ಹೇಳಿದ ವಯಸ್ಸಿನ ಅರ್ಧ.

ಅಷ್ಟಕ್ಕೇ ಮುಗಿದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಆಯಿ ಮುಂದುವರಿಸಿದಳು: "ಹಳೇದು ಅದಲ್ಲ, ಆ ತೆಳು ಹಂಚು. ನಾ ಲಗ್ನ ಆಗಿ ಬಂದಾಗ ಅದು ಒಲಿ ಮ್ಯಾಲೇ ಇತ್ತು. ನಮ್ಮತ್ತಿ ಕಂಬಾರಗ ಐದಾಣೆ ಹಾಲಿ ಕೊಟ್ಟು ಬಡಿಸಿದ್ಲಂತ, ಗದ್ಲಕ್ಕಿಂತ ಮೊದಲ. ಎಲ್ಲಿ ಅದು, ಕಾಣವಲ್ದು?"

ಆ ತೆಳು ಹಂಚನ್ನ ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಗುಜರಿ ಗಾಡಿಗೆ ಹಾಕಿದವನು ನಾನೇ. ಆಯಿ ಆಗ ಚಿಗವ್ವನ ಮನೆಗೆ ಹೋಗಿದ್ದಳು. ತುಕ್ಕು ಹಿಡಿದಿತ್ತು, ಅಂಚು ಸೊಟ್ಟ ಆಗಿತ್ತು, ಹಗುರ ಇತ್ತು. ಬದಲಿಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಕೊಟ್ಟ. ಬುಟ್ಟಿ ಇನ್ನೂ ಬಚ್ಚಲಲ್ಲಿದೆ.

ನಾವು ಹಳೇದು ಅಂದ್ರೆ ಭಾರ, ದಪ್ಪ ಅಂದ್ಕೋತೀವಿ. ನಮ್ಮ ಭಾಗದಲ್ಲಿ ಬಹಳ ಸಲ ಇದು ಉಲ್ಟಾ. ಬಡಿದ ತೆಳು ಹಂಚೇ ಮೊದಲನೇದು, ದಪ್ಪ ಬೀಡು ಆಮೇಲೆ ಬಂದದ್ದು. ಗುಜರಿಯವನಿಗೆ ಎರಡೂ ಕಿಲೋ ಲೆಕ್ಕ, ಅವನದು ತಪ್ಪಲ್ಲ. ಕೇಳದೆ ಹಾಕಿದ್ದು ನನ್ನ ತಪ್ಪು. ಆ ಹಂಚಿನ ಫೋಟೋ ಒಂದೂ ಇಲ್ಲ. ಅಕ್ಕ 2019ರಲ್ಲಿ ರೊಟ್ಟಿ ಮಾಡೋದನ್ನ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದೆ, ಅದರಲ್ಲಿ ಹನ್ನೊಂದು ಸೆಕೆಂಡ್ ಕಾಣುತ್ತೆ. ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಸುತ್ತಿಗೆಯ ತಗ್ಗು ಕಾಣ್ತವೆ, ಹಿಡಿಕೆಗೆ ಎರಡು ಮೊಳೆ ಕಾಣ್ತವೆ.

ಬೆಂಗಳೂರಿನವರಿಗೆ ನಿಜ ಬರೆದೆ. ದಪ್ಪ ಹಂಚು 1972ರ ಸುಮಾರಿನದು, ನೂರು ವರ್ಷ ಅಂದಿದ್ದು ನನ್ನ ತಪ್ಪು ಅಂತ. "ಹಂಗಾದ್ರೆ 900 ಕೊಡ್ತೀನಿ" ಅಂದ್ರು. ಆಯಿಗೆ ಹೇಳಿದೆ. "ಮಾರಿ, ರೊಟ್ಟಿ ನಿನ್ನ ಮೊಬೈಲ್ ಮ್ಯಾಲ ಬೇಯಸ್ಲೇನು?" ಅಂದಳು. ವ್ಯವಹಾರ ಅಲ್ಲಿಗೆ ಮುಗೀತು.

ಸುರಪುರದ ಅಕ್ಕನಿಗೆ

ಅಕ್ಕಾ, ನೀವು ಕಳಿಸಿದ ಫೋಟೋ ನೋಡಿದೆ. ಬಾಣಲಿ ಎರಕದ್ದು, ಒಳಗೆ ಲೇತಿನ ಗೆರೆ ಸುತ್ತು ಸ್ಪಷ್ಟ ಇವೆ. ಬೆನ್ನಿಗೆ ಉಬ್ಬಿದ 10 ಇದೆ. ನೀವೇ ಟೇಪ್ ಹಿಡಿದು ಅಳೆದಾಗ ಬಾಯಿ ಹತ್ತು ಇಂಚು ಬಂತು, ಹಂಗಾಗಿ ಅದು ಸೈಜಿನ ನಂಬರು. ನಿಮ್ಮ ಮೈದುನ ಅದನ್ನ ಅರಮನೆ ಸಾಮಾನಿನ ನಂಬರು ಅಂದ್ಕೊಂಡಿದ್ದಾರೆ.

ಆಮೇಲೆ ನಿಮ್ಮ ಅತ್ತೆಯವರನ್ನ ಕೇಳಿ ಹೇಳಿದ್ರಲ್ಲ, ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಕಿಲೋ ಲೆಕ್ಕದಲ್ಲಿ ತಂದಿದ್ದು ಅಂತ. ಅದೇ ವೋಚರ್. ವೆಂಕಟಪ್ಪ ನಾಯಕರು 1857-58ರಲ್ಲಿ ಬ್ರಿಟಿಷರ ವಿರುದ್ಧ ಎದ್ದಾಗ ಯಾದಗಿರಿಗೆ ರೈಲೂ ಇರಲಿಲ್ಲ, ಕಿಲೋನೂ ಇರಲಿಲ್ಲ. ಸುರಪುರದಲ್ಲಿ ಅರಮನೆ ಸಾಮಾನು ಯಾರ ಮನೆಯಲ್ಲೂ ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಅರಮನೆದು ಅನ್ನೋದಕ್ಕೆ ಕಾಗದ ಬೇಕು, ಇಲ್ಲಾಂದ್ರೆ ಕೈಯಿಂದ ಕೈಗೆ ಹೆಂಗ ಬಂತು ಅನ್ನೋ ಮುರಿಯದ ಕಥೆ ಬೇಕು. ನಿಮ್ಮ ಬಾಣಲಿ 1960ರ ಈಚಿನದು. ಲಕ್ಷ ಬಾಳಲ್ಲ. ಚಲೋ ಬಾಣಲಿ, ಬಿರುಕಿಲ್ಲ, ಇನ್ನೊಂದು ತಲೆಮಾರು ಮಿರ್ಚಿ ಭಜಿ ಕರಿಯಬಹುದು. ಈ ಭಾಗ ಮೈದುನರಿಗೆ ಕೇಳಿಸ್ರಿ. ಬೇಕಾದ್ರೆ ಬೈಗುಳ ನನಗೆ ಬೀಳಲಿ.

ತಿಕ್ಕೋದಕ್ಕೆ ಮೊದಲು

ಮುಗಿಸೋ ಮುಂಚೆ ಮೂರು ಮಾತು.

ಒಂದು, ಗುರುತು ನೋಡೋತನಕ ಉಜ್ಜಬೇಡ್ರಿ. ಗ್ರೈಂಡರ್ ಮಶೀನ್ ಹಚ್ಚಿದ್ರೆ ಸುತ್ತಿಗೆ ತಗ್ಗು, ಲೇತ್ ಗೆರೆ ಎಲ್ಲಾ ಹೋಗ್ತವೆ, ಅದೇ ನಮ್ಮ ದಾಖಲೆ. ಬೆನ್ನಿಗೆ ಸ್ವಲ್ಪ ಜೋಳದ ಹಿಟ್ಟು ಸವರಿ ಒರೆಸಿದ್ರೆ ಅಳಿಸಿಹೋದ ಅಂಕಿ, ಅಕ್ಷರ ಎದ್ದು ಕಾಣ್ತವೆ. ಫೋಟೋ ತಗೊಂಡು ಆಮೇಲೆ ತೊಳೀರಿ.

ಎರಡು, ಸುಡೋ ಬೀಡಿನ ಮೇಲೆ ತಣ್ಣೀರು ಹಾಕಬೇಡ್ರಿ, ಬೆಂಕಿಗೆ ಎಸೆದು ತುಕ್ಕು ತೆಗೆಯೋದೂ ಬೇಡ. ಬೀಡು ಬಗ್ಗಲ್ಲ, ಬಿರಿಯುತ್ತೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿ, ಮತ್ತೆ ಎಣ್ಣೆ ಸವರಿ ಪಳಗಿಸ್ರಿ. ನಿಮ್ಮ ಅವ್ವಂದಿರಿಗೆ ಇದು ನನಗಿಂತ ಚಲೋ ಗೊತ್ತು.

ಮೂರನೇದು ಜೀವದ ಪ್ರಶ್ನೆ. ಗುಜರಿಯಿಂದ, ಇಲ್ಲಾ ಆನ್‌ಲೈನಿನಲ್ಲಿ ಹಳೇ ಬಾಣಲಿ ಕೊಂಡ್ರೆ, ಅದರಲ್ಲಿ ಮೊದಲು ಏನು ಕಾಯಿಸಿದ್ರು ಅಂತ ನಿಮಗೆ ಗೊತ್ತಿರಲ್ಲ. ಡಾಂಬರು ಇರಬಹುದು, ಹಳೇ ಬ್ಯಾಟರಿಯ ಸೀಸ ಇರಬಹುದು, ಮೀನಿನ ಬಲೆಗೆ ಕಟ್ಟೋ ಸೀಸದ ಗುಂಡು ಕರಗಿಸಿರಬಹುದು. ಸೀಸ ವಿಷ, ಮಕ್ಕಳ ಮಿದುಳಿಗೆ ಬಹಳ ಕೆಟ್ಟದ್ದು. ಎಷ್ಟು ತೊಳೆದು ಪಳಗಿಸಿದ್ರೂ ಹೋಯ್ತು ಅಂತ ನಂಬೋ ಹಂಗಿಲ್ಲ. ಹಿಂದಿನ ಕಥೆ ಗೊತ್ತಿಲ್ಲದ ಪಾತ್ರೆ ಗೋಡೆಗೆ ಚಂದ, ಒಲೆಗೆ ಬೇಡ.

ಈ ವಾರಕ್ಕೆ ಒಂದು ಕೆಲಸ ಕೊಡ್ತೀನಿ. ಮನೆಯಲ್ಲಿ ಒಂದು ಹಳೇ ಕಬ್ಬಿಣದ ಪಾತ್ರೆ ಹುಡುಕ್ರಿ. ಅದನ್ನ ಆಯಿ, ಮುತ್ಯಾರ ಮುಂದೆ ಇಟ್ಟು ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡ್ರಿ. ಯಾವ ರೊಕ್ಕ, ಯಾವ ತೂಕ, ಯಾರು ತಂದ್ರು, ಆಗ ಊರಲ್ಲಿ ಏನಾಗಿತ್ತು, ಈ ನಾಲ್ಕೇ ಪ್ರಶ್ನೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡೋ ಮುಂಚೆನೇ ಮಾಡ್ರಿ. ರೆಕಾರ್ಡಿಂಗ್ ನನಗೂ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.

ಮತ್ತೆ, ಶಹಾಪುರದ ಕಡೆ ಗುಜರಿ ಅಂಗಡಿಯಲ್ಲಿ ಅಂಚು ಸೊಟ್ಟ ಆದ, ಹಿಡಿಕೆಗೆ ಎರಡು ಮೊಳೆ ಇರೋ ತೆಳು ಹಂಚು ಯಾರಿಗಾದ್ರೂ ಕಂಡ್ರೆ, ಫೋಟೋ ಹಾಕ್ರಿ. ಕರಗಿಸಿರ್ತಾರೆ ಅಂತ ಗೊತ್ತು, ಆದ್ರೂ ಹಾಕ್ರಿ. ಬರ್ತೀನ್ರಿ, ನಮಸ್ಕಾರ.